ನಡೆಯುವ ಯಂತ್ರವನ್ನು ಕೆಡವುವ ನಾಲಬಂದ

ಹಿರೇಕೆರೂರಿನ ಬೀಜ ಬೆಳೆಗಾರರ ಸಂಘದ ಕಚೇರಿ ಬಾಗಿಲು ತೆರೆದಾಗ ಅಂಗಳದ ಬೇವಿನ ಮರದಲ್ಲಿ ಇನ್ನೂ ಕಾಗೆ ಕೂಗಿಲ್ಲ. ಮೇ ತಿಂಗಳಾದರೂ ಈ ಹೊತ್ತಿಗೆ ನೆಲ ತಣ್ಣಗಿದೆ. ಒಳಗೆ ಮೇಜಿನ ಮೇಲೆ ಕಂಪ್ಯೂಟರ್ ಓಡುತ್ತಿದೆ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳು ಸಾಲುಗಟ್ಟಿ ಮೇಲೇರುತ್ತಿವೆ. ಪಕ್ಕದ ಪ್ರಿಂಟರ್ ಹತ್ತಿಬೀಜದ ಚೀಲಗಳಿಗೆ ಕಟ್ಟುವ ಚೀಟಿಗಳನ್ನು ಕರ್ರ್ ಕರ್ರ್ ಎಂದು ಒಂದಾದ ಮೇಲೊಂದು ಹೊರಹಾಕುತ್ತಿದೆ. ತಳಿಯ ಹೆಸರು, ರಾಶಿಯ ಸಂಖ್ಯೆ, ಮೊಳಕೆಯ ಪ್ರಮಾಣ, ಯಾವುದರಲ್ಲೂ ಒಂದಕ್ಷರ ತಪ್ಪಿಲ್ಲ. ಅದರ ಮುಂದೆ ಕೈಕಟ್ಟಿ ನಿಂತ ಮನುಷ್ಯನ ಮುಖದಲ್ಲಿ ಮಾತ್ರ ಸಮಾಧಾನವಿಲ್ಲ.

"ಇಷ್ಟ ಚಲೋ ನಡದೈತಿ. ಇನ್ನೇನ ಬೇಕಪಾ ನಿನಗ?" ಎಂದು ಸಂಘದ ಕಾರ್ಯದರ್ಶಿ ಪರಮೇಶ್ವರಪ್ಪ ಕೇಳುತ್ತಾರೆ.

"ಬೀಳಬೇಕ್ರಿ."

"ಏನಂದಿ?"

"ಯಂತ್ರ ಬೀಳಬೇಕ್ರಿ ಸಾಹೇಬ್ರ. ನನ್ನ ಕಣ್ಣ ಮುಂದ ಬೀಳಬೇಕು."

"ರಿಪೇರಿ ಮಾಡಾಂವನ್ನ ಕರಸೀವಿ ಅಂತ ತಿಳಿದಿದ್ದೆ ನಾ! ನೆಟ್ಟಗ ನಡಿಯೂದನ್ನ ಯಾಕ ಕೆಣಕತೀಯೋ ಹಯಾತ?"

"ಮೊದಲ ಕೆಡವತೇನ್ರಿ, ಆಮ್ಯಾಲ ಎಬ್ಬಸತೇನಿ. ಎಬ್ಬಿಸದ ಮನಿಗೆ ಹೋಗೂದಿಲ್ಲ."

ಹಯಾತ ನಾಲಬಂದ ಅವರಿಗೆ ಮೂವತ್ತನಾಲ್ಕು ವಯಸ್ಸು, ಊರು ಸವಣೂರು. ಹುಬ್ಬಳ್ಳಿಯ ಒಂದು ಕಂಪನಿ ಈ ಭಾಗದಲ್ಲಿ ಮಾರಿರುವ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ಅವರದು. ಧಾರವಾಡ ಜಿಲ್ಲೆಯ ದಕ್ಷಿಣದಲ್ಲಿ ಸವಣೂರು, ಶಿಗ್ಗಾಂವಿ, ಹಾನಗಲ್ಲ, ಹಿರೇಕೆರೂರು ಎಂಬ ನಾಲ್ಕು ತಾಲೂಕುಗಳು ಅವರ ಪಾಲಿನವು. ಈ ನಾಲ್ಕಕ್ಕೂ ಸೇರಿ, 1989ರ ಈ ಬೇಸಿಗೆಯ ಹೊತ್ತಿಗೆ, ಅವರು ನೋಡಿಕೊಳ್ಳಬೇಕಾದದ್ದು ಹನ್ನೊಂದು ಕಂಪ್ಯೂಟರು. ಕೆಲಸಗಾರ ಒಬ್ಬನೇ.

ಕಂಪ್ಯೂಟರ್ ಬೀಳುವುದೆಂದರೆ ಮೇಜಿನಿಂದ ಉರುಳುವುದಲ್ಲ. ಓಡುತ್ತಿದ್ದದ್ದು ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಪರದೆಯ ಅಕ್ಷರಗಳು ಇದ್ದಲ್ಲೇ ಹೆಪ್ಪುಗಟ್ಟುತ್ತವೆ. ಯಾವ ಗುಂಡಿ ಒತ್ತಿದರೂ ಉತ್ತರವಿಲ್ಲ. ಪ್ರಿಂಟರ್ ಅರ್ಧ ಸಾಲಿನಲ್ಲಿ ಬಾಯಿ ಮುಚ್ಚುತ್ತದೆ. ವಿದ್ಯುತ್ತು ತೆಗೆದು ಮತ್ತೆ ಹಾಕಿದರೆ ಏನೂ ಆಗದವರಂತೆ ಎದ್ದು ಕೂರುತ್ತದೆ. ಯಾಕೆ ಬಿತ್ತು ಎಂದು ಕೇಳಿದರೆ ಹೇಳುವುದಿಲ್ಲ. ಮತ್ತೆ ಯಾವಾಗ ಬೀಳುತ್ತದೆ ಎಂಬುದನ್ನೂ ಹೇಳುವುದಿಲ್ಲ. ಸಂಘದ ಈ ಯಂತ್ರ ತಿಂಗಳಿನಿಂದ ಹೀಗೆ ಮಾಡುತ್ತಿದೆ. ಹಯಾತ ಈ ಮೊದಲು ಎರಡು ಸಲ ಬೆಳಗಿನ ಬಸ್ಸಿಗೆ ಬಂದು ನೋಡಿದ್ದರು. ಎರಡು ಸಲವೂ ಅದು ಅವರ ಮುಂದೆ ಸೊಲ್ಲೆತ್ತದೆ ಓಡಿತ್ತು. "ಈಗ ಸರಿ ಐತ್ರಿ" ಎಂದಷ್ಟೇ ಹೇಳಿ ಅವರು ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದರು.

ಆ ಮಾತಿಗೆ ಊರವರು ತಮ್ಮದೇ ಅರ್ಥ ಕೊಟ್ಟುಕೊಂಡರು. ಯಂತ್ರ ಸರಿ ಇದ್ದರೆ ತಪ್ಪು ಅದನ್ನು ಮುಟ್ಟುವವರದು.

ಮುಟ್ಟುವವರು ಇಬ್ಬರು. ಬೆಳಿಗ್ಗೆ ಗುಮಾಸ್ತ ಚನ್ನವೀರಪ್ಪ ಹೊಸದಾಗಿ ಬಂದ ಬೀಜದ ವಿವರ ತುಂಬುತ್ತಾರೆ. ಮೊಳಕೆ ಪರೀಕ್ಷೆಯ ಫಲಿತಾಂಶ ಕೈಗೆ ಬರುವುದು ಮಧ್ಯಾಹ್ನ. ಅಲ್ಲಿಂದ ಸಂಜೆಯವರೆಗೆ ಚೀಟಿ ಅಚ್ಚು ಮಾಡುವ ಕೆಲಸ ಇಪ್ಪತ್ತಮೂರು ವರ್ಷದ ಮಂಜವ್ವ ಅವರದು. ಚನ್ನವೀರಪ್ಪನವರ ಕೈಯಲ್ಲಿ ಯಂತ್ರ ಒಮ್ಮೆಯೂ ಬಿದ್ದಿಲ್ಲ. ಬಿದ್ದದ್ದೆಲ್ಲ ಮಂಜವ್ವ ಅವರ ಕೈಯಲ್ಲೇ.

ಈ ಸೀಮೆಯಲ್ಲಿ ಬಿತ್ತನೆಯ ಮೊದಲ ಹಿಡಿ ಬೀಜವನ್ನು ಕೂರಿಗೆಯ ಬಟ್ಟಲಿಗೆ ಎಲ್ಲರೂ ಹಾಕುವುದಿಲ್ಲ. ಕೈಗುಣ ಒಳ್ಳೆಯದೆಂದು ಹೆಸರಾದವರನ್ನು ಮನೆಗೆ ಹೋಗಿ ಕರೆತರುತ್ತಾರೆ. ಬೀಜದ ವಿಷಯದಲ್ಲಿ ಕೈಗುಣ ಎಂಬುದು ಇಲ್ಲಿ ಹಗುರ ಮಾತಲ್ಲ. ಆದ್ದರಿಂದ ಸಂಘದ ನಿರ್ದೇಶಕರು ಮಂಜವ್ವ ಅವರನ್ನು ದಡ್ಡಿ ಎನ್ನಲಿಲ್ಲ, ಸೋಮಾರಿ ಎನ್ನಲಿಲ್ಲ. "ಆ ಹುಡುಗಿ ಕೈಗುಣ ಯಂತ್ರಕ್ಕ ಆಗಿ ಬರವಲ್ದು" ಎಂದರು. ದಡ್ಡತನಕ್ಕೆ ಮದ್ದುಂಟು. ಕೈಗುಣಕ್ಕೆ ಏನು ಮದ್ದು?

ಮಂಜವ್ವ ಅವರ ತಾಯಿ ಗುತ್ತೆವ್ವ ಇದೇ ಸಂಘದ ಅಂಗಳದಲ್ಲಿ ಬೀಜ ಆರಿಸುವವರು. ಮಗಳೂ ಸಣ್ಣವಳಿದ್ದಾಗ ಅಲ್ಲಿ ಕೂತು ಹುಳುಕು ಬೀಜ ಬೇರೆ ಮಾಡಿದವರೇ. ಎಸ್ಸೆಸ್ಸೆಲ್ಸಿ ಮುಗಿಸಿ, ಹಾನಗಲ್ಲದಲ್ಲಿ ಟೈಪಿಂಗ್ ಕಲಿತು, ಅಂಗಳ ದಾಟಿ ಕಚೇರಿಯ ಕುರ್ಚಿಗೆ ಬಂದು ಒಂದು ವರ್ಷವಾಗಿದೆ. ಇವತ್ತು ಸಂಜೆ ನಿರ್ದೇಶಕರ ಸಭೆ. ಅವರನ್ನು ಕುರ್ಚಿಯಿಂದ ಎಬ್ಬಿಸಿ ಮತ್ತೆ ಅಂಗಳಕ್ಕೆ ಕಳಿಸುವುದೋ ಬೇಡವೋ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಸುದ್ದಿ ಸವಣೂರಿಗೆ ಮುಟ್ಟಿದಾಗ ಹಯಾತ ಅವರಿಗೆ ಹೊಳೆದದ್ದು ಒಂದೇ. ಈ ಸಲ ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹೊರಡುವಂತಿಲ್ಲ. ಹಿಂದಿನ ದಿನವೇ ಬಂದು ಊರಲ್ಲಿ ಉಳಿದರು.

"ನಮ್ಮಪ್ಪ ಹೇಳ್ತಿದ್ದ್ರಿ," ಎನ್ನುತ್ತಾರೆ, "ಕುಂಟೋ ಎತ್ತು ನಾಲಬಂದನ ಮನಿ ಮುಂದ ಬಂದ ಕೂಡ್ಲೆ ನೆಟ್ಟಗ ನಡೀತೈತಿ ಅಂತ. ಅದನ್ನ ನಂಬಬಾರದು."

ಅಪ್ಪ ಜಮಾಲಸಾಬ ನಾಲಬಂದ ಸವಣೂರಿನ ದನದ ಪೇಟೆಯಲ್ಲಿ ನಲವತ್ತು ವರ್ಷ ಎತ್ತುಗಳಿಗೆ ಲಾಳ ಕಟ್ಟಿದವರು. ಲಾಳ ಕಟ್ಟುವುದಕ್ಕೆ ಮುಂಚೆ ಎತ್ತನ್ನು ಕೆಡವಬೇಕು. ಮೈಗೆ ಹಗ್ಗ ಸುತ್ತಿ, ಒಬ್ಬರು ಕೊಂಬು ಹಿಡಿದು, ಒಂದು ಜಗ್ಗಿಗೆ ಆನೆಯಂಥ ಎತ್ತು ಮಗ್ಗುಲಾಗಿ ಮಲಗಬೇಕು. ಎಲುಬು ಉಳುಕಬಾರದು, ಕೊಂಬು ಮುರಿಯಬಾರದು. ಅದಕ್ಕೆಂದೇ ಜಮಾಲಸಾಬರು ಹುಲ್ಲು ಹಾಸದೆ ಹಗ್ಗ ಮುಟ್ಟುತ್ತಿರಲಿಲ್ಲ. ಅದಕ್ಕೂ ಮೊದಲು ಎತ್ತಿನ ಮಾಲೀಕನಿಗೆ ಅವರದೊಂದೇ ಪ್ರಶ್ನೆ: "ಹೊಟ್ಟಿ ಖಾಲಿ ಐತೇನು?" ಮೇವು ತಿಂದು ನೀರು ಕುಡಿದ ಎತ್ತನ್ನು ಕೆಡವಿದರೆ ಹೊಟ್ಟೆ ಉಬ್ಬಿ ಪ್ರಾಣಕ್ಕೆ ಬರುತ್ತದೆ.

ಇನ್ನೊಂದು ವಿದ್ಯೆಯೂ ಅವರಲ್ಲಿತ್ತು. ಆಗಾಗ ಕುಂಟಿ, ಆಗಾಗ ಸರಿಯಾಗುವ ಎತ್ತುಗಳನ್ನು ಅವರಲ್ಲಿಗೇ ತರುತ್ತಿದ್ದರು. ಜಮಾಲಸಾಬರು ಕಾಲು ಮುಟ್ಟುತ್ತಲೇ ಇರಲಿಲ್ಲ. ಎತ್ತನ್ನು ಕಲ್ಲಿನ ಹಾದಿಯಲ್ಲಿ ನಡೆಸುವರು, ಇಳಿಜಾರಿನಲ್ಲಿ ಇಳಿಸುವರು, ಹಳ್ಳದ ನೀರಲ್ಲಿ ನಿಲ್ಲಿಸುವರು, ಬಂಡಿಯ ಗಾಲಿಗೆ ಹಗ್ಗ ಬಿಗಿದು ಎಳೆಸುವರು. ಎಲ್ಲೋ ಒಂದು ಕಡೆ ಅದು ಕುಂಟಲೇಬೇಕು. ಕುಂಟಿತೋ, ಮತ್ತೆ ಅದೇ ಹಾದಿಗೆ ಒಯ್ದು ಇನ್ನೊಮ್ಮೆ ಕುಂಟಿಸುವರು. ತಾವು ಬೇಕೆಂದಾಗ ಕುಂಟುವ ಹಾಗಾದ ಮೇಲೆಯೇ ಆ ಕಾಲಿಗೆ ಕೈ ಹಾಕುತ್ತಿದ್ದರು.

"ಬ್ಯಾನಿ ತಾನಾಗೇ ಬರೋ ಮಟ ಕಾದ್ರ ನಾವು ಅದರ ಕೈಯಾಗ. ನಾವ ಕರದಾಗ ಬಂತಂದ್ರ ಅದು ನಮ್ಮ ಕೈಯಾಗ. ಕಂಪ್ಯೂಟರಿಗೆ ನಾ ಮಾಡೂದೂ ಇಷ್ಟ ನೋಡ್ರಿ. ಬ್ಯಾರೇನಿಲ್ಲ."

ಬೇರೇನಿಲ್ಲ ಎಂದು ಅವರೇನೋ ಹೇಳುತ್ತಾರೆ. ಆದರೆ ನೆಟ್ಟಗೆ ಓಡುತ್ತಿರುವ ಯಂತ್ರವನ್ನು ಬೇಕೆಂದೇ ಬೀಳಿಸಲು ಬೇಕಾದ ಎದೆಗಾರಿಕೆ ಎಂಥದೆಂಬುದು ಎದುರಿಗೆ ನಿಂತು ನೋಡಿದವರಿಗೇ ಗೊತ್ತು. ಕೊಂಡವರು ಅದಕ್ಕೆ ಕುಂಕುಮ ಹಚ್ಚಿ, ಚಪ್ಪಲಿ ಹೊರಗೆ ಬಿಟ್ಟು, ಮಕ್ಕಳನ್ನು ದೂರ ನಿಲ್ಲಿಸಿ ಕಾಪಾಡಿರುತ್ತಾರೆ. ಅದರ ಹೊಟ್ಟೆಯಲ್ಲಿ ಒಂದು ವರ್ಷದ ಬೀಜದ ಲೆಕ್ಕವಿರುತ್ತದೆ. ಶಿಗ್ಗಾಂವಿಯ ಒಂದು ಹತ್ತಿ ಗಿರಣಿಯಲ್ಲಿ ಹಯಾತ ಕೆಡವಿದ ಯಂತ್ರ ಒಮ್ಮೆ ಮೇಲೇಳಲಿಲ್ಲ; ಒಳಗಿನ ಡಿಸ್ಕು ಹಾಳಾಯಿತು. ಮೊದಲೇ ಎಲ್ಲವನ್ನೂ ಫ್ಲಾಪಿಗಳಿಗೆ ನಕಲು ಮಾಡಿಟ್ಟಿದ್ದರಿಂದ ಗಿರಣಿಯವರು ಕಳೆದುಕೊಂಡದ್ದು ಏನೂ ಇಲ್ಲ. ಆದರೂ ಹಯಾತ ಅವರಿಗೆ ಅವತ್ತು ಊಟ ಸೇರಲಿಲ್ಲವಂತೆ. ಅಂದಿನಿಂದ ನಕಲನ್ನು ಎರಡು ಸಲ ಮಾಡುತ್ತಾರೆ. "ಹೊಟ್ಟಿ ಖಾಲಿ ಇರಬೇಕಲ್ರಿ" ಎನ್ನುತ್ತಾರೆ.

ಆ ಫ್ಲಾಪಿಗಳನ್ನು ಅವರು ಇಡುವುದು ಸ್ಟೀಲಿನ ಊಟದ ಡಬ್ಬಿಯಲ್ಲಿ. ಈ ರಸ್ತೆಗಳ ಧೂಳನ್ನು ತಡೆಯುವುದು ಅದೊಂದೇ. ದುಂಡಸಿಯಿಂದ ಶಿಗ್ಗಾಂವಿಗೆ ಹೋಗುವ ಬಸ್ಸಿನಲ್ಲಿ ಪಕ್ಕದ ಅಜ್ಜಿಯೊಬ್ಬರು ಡಬ್ಬಿ ನೋಡಿ, "ಬರೇ ರೊಟ್ಟಿ ತಿಂತೀಯೇನಪಾ, ತಗೋ" ಎಂದು ಒತ್ತಾಯದಿಂದ ಶೇಂಗಾ ಚಟ್ನಿ ಕೊಟ್ಟದ್ದುಂಟು. ಹಯಾತ ಓದಿದ್ದು ಎಸ್ಸೆಸ್ಸೆಲ್ಸಿ ಆದ ಮೇಲೆ ಹುಬ್ಬಳ್ಳಿಯಲ್ಲಿ ಐಟಿಐ, ಬಳಿಕ ಸವಣೂರು ಬಸ್‌ನಿಲ್ದಾಣದ ಹತ್ತಿರ ರೇಡಿಯೋ ರಿಪೇರಿ, ಅದಾದ ಮೇಲೆ ಈ ಕೆಲಸ. ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಬೆಳಿಗ್ಗೆ ಒಂದು ಯಂತ್ರ, ಸಂಜೆಗೆ ಹಾನಗಲ್ಲದಲ್ಲಿ ಇನ್ನೊಂದು. ಬಸ್ಸು ತಪ್ಪಿದರೆ ಯಾವುದಾದರೂ ಲಾರಿ. ಹೋದಲ್ಲೆಲ್ಲ ಮೊದಲು ವಿದ್ಯುತ್ತಿಗೆ ಕಾಯಬೇಕು, ಆಮೇಲೆ ಬೈಗುಳಕ್ಕೆ. ಯಂತ್ರ ಕೆಟ್ಟಾಗ ಕರೆಸಿದವರೇ ಅದನ್ನು ಕೆಡವುವಾಗ ಕೈ ಹಿಡಿಯುತ್ತಾರೆ.

ಹಿರೇಕೆರೂರಿನ ಈ ಬೆಳಗಿನಲ್ಲಿ ಹಯಾತ ಅವರ ತಲೆಯಲ್ಲಿ ಮೂವರು ಆರೋಪಿಗಳಿದ್ದಾರೆ. ಒಂದು, ಕೈ. ಎರಡು, ಯಂತ್ರದ ಮೈ. ಮೂರನೆಯದನ್ನು ಅವರು ಕಾರ್ಯದರ್ಶಿಗೆ ದನದ ಪೇಟೆಯ ಮಾತಿನಲ್ಲೇ ತಿಳಿಸುತ್ತಾರೆ.

"ಪ್ಯಾಟ್ಯಾಗ ಕೊಳ್ಳಾಂವ ಮಾರಾಂವ ನೇರ ಮಾತಾಡ್ತಾರೇನ್ರಿ? ನಡುವ ದಲಾಲಿ ಇರ್ತಾನ. ಹೆಗಲ ಮ್ಯಾಲಿನ ವಲ್ಲಿ ಕೆಳಗ ಬೆರಳ ಹಿಡದು ಇವನ ಮಾತು ಅವಗ, ಅವನ ಮಾತು ಇವಗ ಮುಟ್ಟಿಸ್ತಾನ. ಕಂಪ್ಯೂಟರಿಗೂ ಪ್ರಿಂಟರಿಗೂ ನಡುವ ಹಂಗ ಒಬ್ಬ ಅದಾನ್ರಿ. ಅದೊಂದು ಸಣ್ಣ ಪ್ರೋಗ್ರಾಮು. ಡ್ರೈವರ್ ಅಂತಾರ. ಅಂವ ಒಂದ ಬೆರಳ ತಪ್ಪ ಹಿಡದ್ರೂ ಯಾಪಾರ ಮುರೀತೈತಿ, ಯಂತ್ರ ಬೀಳ್ತೈತಿ. ನಿಮ್ಮದರಾಗ ಕನ್ನಡ ಅಕ್ಷರಕ್ಕ ಬ್ಯಾರೆ ದಲಾಲಿ ಇಟ್ಟಾರ. ಅಂವಂದ ತಪ್ಪೋ ಏನೋ ನೋಡಬೇಕ್ರಿ."

"ದಲಾಲಿ ಅಂದ ಮ್ಯಾಲ ಅವಂದ ತಪ್ಪು ಬಿಡು," ಎನ್ನುತ್ತಾರೆ ಪರಮೇಶ್ವರಪ್ಪ. ಹತ್ತಿ ಮಾರಿ ಬೆಳೆದ ಮನೆಯವರು.

ಮೊದಲು ಕೈಯ ಪರೀಕ್ಷೆ. ಹಯಾತ ಹೇಳಿಕಳಿಸಿದ್ದರಿಂದ ಮಂಜವ್ವ ಬೆಳಿಗ್ಗೆಯೇ ಬಂದಿದ್ದಾರೆ. ಬಾಗಿಲಲ್ಲೇ ನಿಲ್ಲುತ್ತಾರೆ, ಒಳಗೆ ಬರಲು ಅನುಮಾನ. ಹಯಾತ "ಮೊದಲ ಹೊಟ್ಟಿ ಖಾಲಿ ಆಗಲಿ" ಎನ್ನುತ್ತ ಲೆಕ್ಕವನ್ನೆಲ್ಲ ಎರಡು ಸಲ ಫ್ಲಾಪಿಗಳಿಗೆ ನಕಲು ಮಾಡಿ ಡಬ್ಬಿಗೆ ಹಾಕುವುದನ್ನು ಅಲ್ಲಿಂದಲೇ ನೋಡುತ್ತಾರೆ. "ನಾ ಮುಟ್ಟಿದ್ರ ಮತ್ತ ನಿಂತೀತ್ರಿ ಅಣ್ಣಾರ."

"ನಿಲ್ಲಲಿ ಅಂತನ ಬಂದೇನಿ ತಂಗಿ. ಮುಟ್ಟು."

ಮುಟ್ಟುತ್ತಾರೆ. ಯಂತ್ರ ನಿಲ್ಲುವುದಿಲ್ಲ. ಒಂದು ಗಂಟೆ ಚೀಟಿ ಅಚ್ಚು ಮಾಡಿದರೂ ನಿಲ್ಲುವುದಿಲ್ಲ. ಚನ್ನವೀರಪ್ಪನವರಿಗೆ ಇದರಿಂದ ಸಮಾಧಾನವಾಗುವುದಿಲ್ಲ. "ಇವತ್ತ ಮಂದಿ ಮುಂದ ಮೈಮ್ಯಾಲ ಎಚ್ಚರ ಇಟ್ಟಕೊಂಡ ಕುಂತಾಳಲ್ಲ, ಅದಕ್ಕ" ಎನ್ನುತ್ತಾರೆ. ಮಂಜವ್ವ ತಿರುಗಿ ನೋಡದೆ, "ದಿನಾ ನಿದ್ದಿಗಣ್ಣಾಗ ಹೊಡೀತೇನಿ ಅಂತ ತಿಳದೀರೇನ್ರಿ ಕಾಕಾ?" ಎಂದು ಕೇಳುತ್ತಾರೆ. ಹಯಾತ ನಕ್ಕು, ಅವರನ್ನು ಎಬ್ಬಿಸಿ, ತಾವು ಬರೆದ ಆರು ಸಾಲಿನ ಪುಟ್ಟ ಪ್ರೋಗ್ರಾಮನ್ನು ಯಂತ್ರಕ್ಕೆ ಕೊಡುತ್ತಾರೆ. ಅದಕ್ಕೆ ಅವರಿಟ್ಟ ಹೆಸರು ಗಾಣ. ಡಿಸ್ಕಿನಿಂದ ಓದು, ಲೆಕ್ಕ ಮಾಡು, ಡಿಸ್ಕಿಗೆ ಬರೆ, ಅಚ್ಚು ಮಾಡು, ಮತ್ತೆ ಮೊದಲಿಂದ. ಕೊನೆಯೇ ಇಲ್ಲ. ಗಾಣದ ಎತ್ತಿನಂತೆ ಯಂತ್ರ ಸುತ್ತುತ್ತಲೇ ಇರುತ್ತದೆ, ಯಾರ ಕೈಯೂ ಬೇಕಾಗಿಲ್ಲ. ಹಳೆಯ ಚೀಟಿಗಳ ಬೆನ್ನಿಗೇ ಅಚ್ಚು ಬೀಳುತ್ತ ಹೋಗುತ್ತದೆ. ಬಿಸಿಲು ಏರುತ್ತದೆ. ಹಯಾತ ಕನ್ನಡದ ಡ್ರೈವರ್ ತೆಗೆದು ನೋಡುತ್ತಾರೆ, ಹಾಕಿ ನೋಡುತ್ತಾರೆ. ಮೇಜನ್ನು ಗುದ್ದಿ ಅಲುಗಿಸುತ್ತಾರೆ. ತಂತಿಗಳನ್ನು ಒಂದೊಂದಾಗಿ ಜಗ್ಗಿ ಬಿಡುತ್ತಾರೆ. ಕಲ್ಲಿನ ಹಾದಿ, ಇಳಿಜಾರು, ಹಳ್ಳದ ನೀರು ಎಲ್ಲ ಆಯಿತು. ಎತ್ತು ಕುಂಟಲೊಲ್ಲದು.

ಊಟದ ಹೊತ್ತಿಗೆ ಅವರು ಕಚೇರಿಯವರನ್ನೆಲ್ಲ ಕರೆದು ಒಂದು ಮಾತು ಹೇಳುತ್ತಾರೆ. "ನಾ ಇಲ್ಲೆ ಇಲ್ಲ ಅಂತ ತಿಳೀರಿ. ದಿನಾ ಮಧ್ಯಾಹ್ನ ಏನೇನ ಮಾಡ್ತೀರಿ, ಒಂದೂ ಬಿಡದಂಗ ಹಂಗ ಮಾಡ್ರಿ." ಹೀಗೆಂದು ಹೊರಗೆ ಕಟ್ಟೆಯ ಮೇಲೆ ರೊಟ್ಟಿ ಬಿಚ್ಚಿಕೊಂಡು ಕೂರುತ್ತಾರೆ. ಎತ್ತು ದಿನವೂ ನಡೆಯುವ ಹಾದಿಯಲ್ಲೇ ಅದನ್ನು ನಡೆಯಗೊಟ್ಟು ದೂರ ನಿಂತು ನೋಡುವುದು ಜಮಾಲಸಾಬರ ಕೊನೆಯ ಉಪಾಯವಾಗಿತ್ತು.

ಕಿಟಕಿಯಿಂದ ಒಳಗಿನದೆಲ್ಲ ಕಾಣುತ್ತದೆ. ಪಕ್ಕದ ಗೋದಾಮಿನಲ್ಲಿ ಬೀಜ ಹಸನು ಮಾಡುವ ಯಂತ್ರ ಗುಡುಗಲು ಶುರುವಾಗುತ್ತದೆ. ಅದಕ್ಕೆ ಬೇಕಾದ ತ್ರೀ ಫೇಸ್ ವಿದ್ಯುತ್ತು ಬರುವುದೇ ಮಧ್ಯಾಹ್ನ. ಹತ್ತಿಯ ಎಳೆ, ಹೊಟ್ಟು, ಧೂಳು ಗಾಳಿಗೆ ಏಳುತ್ತವೆ. ಚನ್ನವೀರಪ್ಪ ಕಿಟಕಿಯ ಪಕ್ಕದ ಕಪಾಟು ತೆರೆದು ಒಂದು ಕೌದಿ ಹೊರತೆಗೆಯುತ್ತಾರೆ. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ದಪ್ಪನೆಯ ಕೌದಿ. ಅದನ್ನು ಓಡುತ್ತಿರುವ ಕಂಪ್ಯೂಟರಿನ ಮೇಲೆ, ಜ್ವರ ಬಂದ ಕೂಸಿಗೆ ಹೊದಿಸುವಷ್ಟು ಜೋಪಾನವಾಗಿ, ನಾಲ್ಕೂ ಕಡೆ ಮಡಚಿ ಹೊದಿಸಿ ಊಟಕ್ಕೆ ಹೋಗುತ್ತಾರೆ. ಯಂತ್ರವನ್ನು ಪದೇ ಪದೇ ಆರಿಸಬೇಡಿ ಎಂದು ತಂದುಕೊಟ್ಟವರು ಯಾರೋ ಹೇಳಿದ್ದರು. ಧೂಳು ಬೀಳಬಾರದು ಎಂದೂ ಹೇಳಿದ್ದರು. ಎರಡು ಮಾತನ್ನೂ ಸಂಘ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದೆ. ಕೌದಿ ಕಾರ್ಯದರ್ಶಿಯವರ ತಾಯಿ ಹಾಲವ್ವ ಇದಕ್ಕೆಂದೇ ಹೊಲಿದುಕೊಟ್ಟದ್ದು.

ಹಯಾತ ಅವರ ಕೈಯಲ್ಲಿ ರೊಟ್ಟಿಯ ತುತ್ತು ಹಾಗೇ ಉಳಿಯುತ್ತದೆ. ಎದ್ದು ಹೋಗಿ ಕೌದಿ ಕಿತ್ತೆಸೆಯಬಹುದಿತ್ತು. ಅವರು ಏಳುವುದಿಲ್ಲ. ಕೌದಿಯ ಕೆಳಗೆ ಗಾಣ ತಿರುಗುತ್ತಿದೆ, ಹೊರಗಿರುವ ಪ್ರಿಂಟರ್ ಕರ್ರ್ ಕರ್ರ್ ಎನ್ನುತ್ತಿದೆ. ಅವರು ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತ ಕೂತಿದ್ದಾರೆ. ಚನ್ನವೀರಪ್ಪ ಊಟ ಮುಗಿಸಿ ಅಡಿಕೆ ಬಾಯಿಗೆ ಹಾಕಿಕೊಳ್ಳುವ ಹೊತ್ತಿಗೆ ಆ ಸದ್ದು ಅರ್ಧ ಸಾಲಿನಲ್ಲಿ ತುಂಡಾಗುತ್ತದೆ.

ಕೋಣೆಯಲ್ಲಿ ಯಾರೂ ಇಲ್ಲ. ಮಂಜವ್ವ ಅಂಗಳದ ಆ ತುದಿಯಲ್ಲಿ ತಾಯಿಯ ಜೊತೆ ಬುತ್ತಿ ಬಿಚ್ಚಿ ಕೂತಿದ್ದಾರೆ.

"ಬಿತ್ತು," ಎಂದು ಹಯಾತ ತಮ್ಮಷ್ಟಕ್ಕೆ ಹೇಳಿಕೊಂಡು ಕೈಯಲ್ಲಿದ್ದ ತುತ್ತನ್ನು ಬಾಯಿಗಿಡುತ್ತಾರೆ.

ಒಮ್ಮೆ ಬಿದ್ದದ್ದು ಅವರಿಗೆ ಲೆಕ್ಕವಲ್ಲ. ಕೌದಿ ತೆಗೆದು, ಯಂತ್ರ ಆರಲು ಬಿಟ್ಟು, ಮತ್ತೆ ಗಾಣಕ್ಕೆ ಹೂಡುತ್ತಾರೆ: ಓಡುತ್ತದೆ. ಕೌದಿ ಹೊದಿಸುತ್ತಾರೆ: ಬೀಳುತ್ತದೆ. ಕನ್ನಡದ ಡ್ರೈವರ್ ತೆಗೆದು ಹೊದಿಸುತ್ತಾರೆ: ಆಗಲೂ ಬೀಳುತ್ತದೆ. ಅಲ್ಲಿಗೆ ದಲಾಲಿ ನಿರಪರಾಧಿ. ತಪ್ಪು ಮೈಯಲ್ಲಿದೆ, ಅದೂ ಮೈ ಬಿಸಿಯಾದಾಗ ಮಾತ್ರ. ಮಂಜವ್ವ ಅವರ ಸರದಿ ಬರುವುದು ದಿನವೂ ಅದು ಕೌದಿಯಡಿ ಕಾದ ಮೇಲೆಯೇ.

ಮುಂದಿನದು ನೋಡುವವರ ಉಸಿರು ಹಿಡಿಸುವ ಕೆಲಸ. ಯಂತ್ರದ ಮುಚ್ಚಳ ಬಿಚ್ಚಿ, ಓಡುತ್ತಿರುವಾಗಲೇ ಒಳಗೆ ನೂರು ವ್ಯಾಟಿನ ಬಲ್ಬಿನ ಶಾಖ ಕೊಡುತ್ತಾರೆ. ಮೆಮೊರಿ ಚಿಪ್ಪುಗಳು ಅಲ್ಲಿ ಗದ್ದೆಯ ಸಾಲಿನಂತೆ ಕೂತಿವೆ. ಕಪ್ಪು ಬೆನ್ನು, ಎರಡೂ ಕಡೆ ಸಣ್ಣ ಸಣ್ಣ ಕಾಲು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಒಂದೊಂದರ ಬೆನ್ನಿಗೆ ಸವರಿ, ಅದೊಂದನ್ನೇ ತಣ್ಣಗೆ ಮಾಡಿ, ಉಳಿದವು ಕಾಯಲು ಬಿಡುತ್ತಾರೆ. ಮೊದಲ ಚಿಪ್ಪು ತಣ್ಣಗಿದ್ದರೂ ಯಂತ್ರ ಬಿತ್ತು. ಎಬ್ಬಿಸಿ ಎರಡನೆಯದಕ್ಕೆ, ಮತ್ತೆ ಬಿತ್ತು. ಬೀಳುವುದು ಏಳುವುದು ನಡೆದೇ ಇರುತ್ತದೆ. ಹಯಾತ ಬೇಸರಪಡುವುದಿಲ್ಲ, ಅವಸರಪಡುವುದಿಲ್ಲ. ಸಾಲಿನ ತುದಿಯ ಒಂದು ಚಿಪ್ಪಿಗೆ ಹತ್ತಿ ತಗಲಿದಾಗ ಮಾತ್ರ ಯಂತ್ರ ಬೀಳುವುದನ್ನು ಮರೆಯುತ್ತದೆ. ಹತ್ತಿ ತೆಗೆದರೆ ಬೀಳುತ್ತದೆ, ಇಟ್ಟರೆ ನಡೆಯುತ್ತದೆ. ಹತ್ತಿರದಿಂದ ನೋಡಿದರೆ ಆ ಚಿಪ್ಪು ತನ್ನ ಜಾಗದಿಂದ ಕೂದಲೆಳೆಯಷ್ಟು ಮೇಲೆದ್ದಿದೆ. ದಿನವೂ ಕಾದು, ದಿನವೂ ಆರಿ, ಲಾಳದ ಮೊಳೆಯಂತೆ ಸಡಿಲಾಗಿದೆ.

ಪರಮೇಶ್ವರಪ್ಪನವರಿಗೆ ಸಂತೋಷ ತಡೆಯದು. "ಹೆಬ್ಬೆಟ್ಟಲೆ ಒತ್ತಿದ್ರ ಮುಗೀತಲ್ಲೋ! ಒತ್ತು ಒತ್ತು. ಲಾರಿ ನಿಂತೈತಿ, ಚೀಟಿ ಇಲ್ಲದ ಚೀಲ ಹೊರಡೂದಿಲ್ಲ. ಇನ್ನೇನ ಮಿರಗದ ಮಳಿ ಬಂತು, ಬಿತ್ತಾವ್ರು ಕಾದಾರ."

ಹಯಾತ ಕೈ ಹಿಂದಕ್ಕೆ ತೆಗೆಯುತ್ತಾರೆ. "ಈಗ ಒತ್ತೂದಿಲ್ರಿ."

"ಯಾಕೋ ಮಾರಾಯಾ?"

"ಈಗ ಒತ್ತಿದ್ರ ಯಂತ್ರ ಏಳ್ತೈತ್ರಿ. ಆ ತಂಗಿ ಏಳೂದಿಲ್ಲ. ಸಂಜಿಗೆ ಡೈರೆಕ್ಟರ್ ಮಂದಿ ಬಂದು, 'ನಾಲಬಂದ ಏನೋ ಒತ್ತಿದ್ನಂತ, ಸರಿ ಆತಂತ' ಅಂತಾರ. ಕೈಗುಣದ ಮಾತು ಹಂಗ ಉಳೀತೈತ್ರಿ. ಅವರ ಕಣ್ಣ ಮುಂದ ಬೀಳಲಿ. ಆಮ್ಯಾಲ ಒತ್ತತೇನಿ."

ಕಾರ್ಯದರ್ಶಿ ಗಡಿಯಾರ ನೋಡುತ್ತಾರೆ. ಹೊರಗೆ ಲಾರಿಯವ ಹಾರ್ನ್ ಬಾರಿಸುತ್ತಿದ್ದಾನೆ. ಅವರು ತಾವೇ ಹೊರಗೆ ಹೋಗಿ ಅವನನ್ನು ಚಹಾಕ್ಕೆ ಕರೆದೊಯ್ಯುತ್ತಾರೆ. ಮಂಜವ್ವ ಬೇವಿನ ಬುಡದಲ್ಲಿ ನಿಂತು ಇದನ್ನೆಲ್ಲ ನೋಡಿದ್ದಾರೆ.

ನಾಲ್ಕು ಗಂಟೆಗೆ ನಿರ್ದೇಶಕರು ಬರುತ್ತಾರೆ. ಅಧ್ಯಕ್ಷ ಕರಬಸಪ್ಪನವರು ಮುಂದೆ. ಎಪ್ಪತ್ತು ದಾಟಿದ ರೈತರು, ಕೈಗುಣಕ್ಕೆ ಸುತ್ತಿನ ಹಳ್ಳಿಗಳಲ್ಲೆಲ್ಲ ಹೆಸರಾದವರು. ಮುಂಗಾರಿನಲ್ಲಿ ಮೊದಲ ಹಿಡಿ ಬೀಜ ಹಾಕಿಸಲು ಇವರ ಮನೆ ಮುಂದೆ ಬಂಡಿ ಕಾದಿರುತ್ತದೆ. ಅಷ್ಟು ಹೊತ್ತಿಗೆ ಯಂತ್ರದ ಮುಚ್ಚಳ ಹಾಕಿ, ಹಾಲವ್ವನ ಕೌದಿ ಹೊದಿಸಿ, ಓಡಲು ಬಿಟ್ಟಾಗಿದೆ.

"ಆ ತಂಗಿ ಅಲ್ಲೆ ಮರದ ಬುಡಕ್ಕ ಇರಲ್ರಿ," ಎಂದು ಹಯಾತ ಕೌದಿ ಸರಿಸಿ ಗಾಣ ನಿಲ್ಲಿಸುತ್ತಾರೆ. "ಅಜ್ಜಾರ, ನೀವ ಕುಂದರ್ರಿ ಕುರ್ಚಿ ಮ್ಯಾಲ. ಇದೊಂದ ಗುಂಡಿ ಒತ್ತರಿ. ಚೀಟಿ ಬರತಾವ."

"ನನಗೇನ ತಿಳೀತೈತೋ ಇದರಾಗ?"

"ತಿಳಿಯೂದ ಬ್ಯಾಡ್ರಿ. ಕೈಗುಣ ಸಾಕು."

ಎಲ್ಲರೂ ನಗುತ್ತಾರೆ. ಕರಬಸಪ್ಪನವರು ಪಂಚೆ ಸರಿಮಾಡಿಕೊಂಡು ಕೂತು, ಬೆರಳನ್ನು ಹಣೆಗೆ ಮುಟ್ಟಿಸಿಕೊಂಡು, ಗುಂಡಿ ಒತ್ತುತ್ತಾರೆ. ಪ್ರಿಂಟರ್ ಎಚ್ಚೆತ್ತು ಚೀಟಿ ಹೊರಹಾಕತೊಡಗುತ್ತದೆ. ಒಂದು, ಎರಡು, ಮೂರು. ಚನ್ನವೀರಪ್ಪನವರ ಮುಖ ಅರಳುತ್ತದೆ. ಮರದ ಕೆಳಗೆ ಮಂಜವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಾರೆ. ಇನ್ನೂ ಕೆಲವು ಚೀಟಿ ಬರುತ್ತವೆ. ಹಯಾತ ಪರದೆಯನ್ನು ನೋಡುತ್ತಿಲ್ಲ. ಪ್ರಿಂಟರಿನ ಕಡೆ ಕಿವಿಗೊಟ್ಟು ನೆಲ ನೋಡುತ್ತಿದ್ದಾರೆ.

ಕರ್ರ್... ಅರ್ಧ ಸಾಲಿಗೆ ಸದ್ದು ನಿಲ್ಲುತ್ತದೆ.

ಕರಬಸಪ್ಪನವರು ಗುಂಡಿ ಮತ್ತೆ ಒತ್ತುತ್ತಾರೆ. ಇನ್ನೊಮ್ಮೆ ಒತ್ತುತ್ತಾರೆ. ಹಸಿರು ಅಕ್ಷರಗಳು ಅಲುಗುವುದಿಲ್ಲ. ಅಜ್ಜ ತಮ್ಮ ಬಲಗೈಯನ್ನು ಮುಖದ ಹತ್ತಿರ ತಂದು, ಅಂಗೈ ಬೆನ್ನು ಎರಡನ್ನೂ ಹೊರಳಿಸಿ ನೋಡಿಕೊಳ್ಳುತ್ತಾರೆ.

"ಅರವತ್ತ ವರ್ಷ ಬಿತ್ತಿದ ಕೈಯೋ ಇದು. ಇದರ ಗುಣಾನೂ ಕೆಟ್ಟಿತೇನಲೇ ನಾಲಬಂದ?"

"ಕೈ ಎರಡೂ ಚಲೋ ಅದಾವ್ರಿ ಅಜ್ಜಾರ. ನಿಮ್ಮದೂ, ಆಕಿದೂ. ಯಂತ್ರಕ್ಕ ಸೆಖಿ ಆಗೇತಿ, ಅಷ್ಟ."

ಅಜ್ಜನ ನಗು ಮೊದಲು ಹೊಟ್ಟೆಯಲ್ಲಿ ಶುರುವಾಗಿ ಕೋಣೆಯನ್ನೆಲ್ಲ ತುಂಬುತ್ತದೆ. ಹಯಾತ ಯಂತ್ರ ಆರಿಸಿ, ಮುಚ್ಚಳ ತೆಗೆದು, ಸಾಲಿನ ತುದಿಯ ಚಿಪ್ಪಿನ ಮೇಲೆ ಹೆಬ್ಬೆರಳಿಟ್ಟು ಒತ್ತುತ್ತಾರೆ. ಕಟ್ ಎಂದು ಸಣ್ಣ ಸದ್ದು. ಆಮೇಲೆ ಅದೇ ಕೌದಿ, ಅದೇ ಗಾಣ, ಮೇಲೆ ಬಲ್ಬಿನ ಶಾಖ. ತಮಗೆ ಗೊತ್ತಿರುವ ಎಲ್ಲ ಹಾದಿಗಳಲ್ಲೂ ಅದನ್ನು ಮತ್ತೆ ಕೆಡವಲು ನೋಡುತ್ತಾರೆ. ಸರಿಯಾಯಿತೆಂದು ಅವರು ಬಾಯಲ್ಲಿ ಹೇಳುವುದಿಲ್ಲ. ಬೀಳಿಸಲು ಸೋತಾಗ ಮಾತ್ರ ಅವರ ಕೆಲಸ ಮುಗಿದಂತೆ. ಇವತ್ತು ಅವರು ಸೋಲುತ್ತಾರೆ. "ಬೀಳವಲ್ದ್ರಿ," ಎನ್ನುವಾಗ ದಿನದಲ್ಲಿ ಮೊದಲ ಸಲ ಅವರ ಮುಖ ಸಡಿಲಾಗುತ್ತದೆ.

"ಬಾರವ್ವಾ ಒಳಗ," ಎಂದು ಕರಬಸಪ್ಪನವರು ಕಿಟಕಿಯಿಂದ ಕೂಗುತ್ತಾರೆ. "ನಿನ್ನ ಕುರ್ಚಿ ನೀ ನೋಡ್ಕೋ. ನನಗ ಒಗ್ಗೂದಿಲ್ಲ ಇದು. ನಡು ನೋಯಾಕತ್ತೇತಿ." ಸಭೆ ನಡೆಯುವುದೇ ಇಲ್ಲ. ಅಂಗಳದಲ್ಲಿ ಗುತ್ತೆವ್ವ ಬೀಜದ ಮೊರ ಕೆಳಗಿಟ್ಟು ಎದ್ದು ನಿಂತವರು, ಮಗಳು ಒಳಗೆ ಹೋಗಿ ಕೂತದ್ದನ್ನು ಕಂಡು ಮತ್ತೆ ಮೊರ ಎತ್ತಿಕೊಳ್ಳುತ್ತಾರೆ. ಚನ್ನವೀರಪ್ಪ ಯಾರೂ ಹೇಳದೆಯೇ ಚೀಟಿಗಳ ಹೊಸ ಕಟ್ಟು ತಂದು ಮಂಜವ್ವ ಅವರ ಪಕ್ಕದಲ್ಲಿಡುತ್ತಾರೆ. ಪರಮೇಶ್ವರಪ್ಪ ಕೌದಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದಾರೆ.

"ನಮ್ಮವ್ವ ಪ್ರೀತಿಲೆ ಹೊಲದಿದ್ಳೋ."

"ಪ್ರೀತಿ ತಪ್ಪಲ್ರಿ ಸಾಹೇಬ್ರ. ಎಚ್ಚರಿದ್ದವರ ಮಾರಿ ಮ್ಯಾಲ ಹೊಚ್ಚಬಾರದು. ಸಂಜಿಗೆ ಆರಿಸಿದ ಮ್ಯಾಲ ಹೊಚ್ಚರಿ, ಸುಖವಾಗಿ ಮಲಗತೈತಿ. ಮಧ್ಯಾಹ್ನದ ಧೂಳಿಗೆ ಆ ಕಿಟಕಿ ಒಂದ ಮುಚ್ಚರಿ, ಸಾಕು."

ಚೀಟಿ ಕಟ್ಟಿದ ಚೀಲಗಳು ಹೊತ್ತು ಮುಳುಗುವ ಮುಂಚೆ ಲಾರಿ ಏರುತ್ತವೆ. ಹಯಾತ ಡಬ್ಬಿ ಕಟ್ಟಿಕೊಂಡು ಹಾನಗಲ್ಲದ ಬಸ್ಸಿಗೆ ಹೊರಡುತ್ತಾರೆ. ಅಲ್ಲಿಂದ ಸವಣೂರು. ಸೀಮೆಗೆ ಟ್ರ್ಯಾಕ್ಟರುಗಳು ಬಂದ ಮೇಲೆ ಜಮಾಲಸಾಬರಿಗೆ ಕೆಲಸ ಕಡಿಮೆ. ಮನೆಯ ಕಟ್ಟೆಯ ಮೇಲೆ ಕೂತು ಮಗನ ದಾರಿ ಕಾಯುತ್ತಾರೆ, ಕಂಡ ಕೂಡಲೇ ಕೇಳುವುದು ಒಂದೇ ಮಾತು: "ಇವತ್ತ ಎಷ್ಟ ಕೆಡವಿದಿ? ಎಲ್ಲಾ ಎದ್ದುವೇನು?" ಎದ್ದವೆಂದರೆ ತಲೆಯಾಡಿಸಿ ಒಳಗೆ ಹೋಗುತ್ತಾರೆ. ಹೆಚ್ಚಿನ ಹೊಗಳಿಕೆ ಆ ಮನೆಯಲ್ಲಿ ರೂಢಿಯಿಲ್ಲ.

ಹಯಾತ ಅವರಿಗೆ ಒಂದು ಆಸೆಯುಂಟು, ಅದನ್ನು ಅವರು ಕೇಳಿದರಷ್ಟೇ ಹೇಳುತ್ತಾರೆ. "ಈ ನಾಕ ತಾಲೂಕಿನಾಗ ಕೆಡವಾಂವ ನಾ ಒಬ್ಬನ ಅದೇನ್ರಿ. ನಾ ಬಸ್ಸಿನಾಗ ಇರೋ ಹೊತ್ತಿಗೆ ಎಲ್ಲೆರೆ ಯಾರರೆ ಬೈಸ್ಕೊಳ್ಳಾಕತ್ತಿರ್ತಾರ. ಇನ್ನೊಬ್ಬರು ಬೇಕ್ರಿ. ಬೀಳ್ತೈತಿ ಅಂತ ಅಂಜದವರು."

ಅವರು ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಮಂಜವ್ವ ಓಡಿ ಬರುತ್ತಾರೆ. ಒಂದು ತಿಂಗಳು ಆ ಯಂತ್ರ ಬೀಳದಿರಲೆಂದು ದಿನವೂ ಮನದಲ್ಲೇ ಕೈಮುಗಿದು ಕೂತವರು.

"ಅಣ್ಣಾರ, ಆ ಗಾಣದ ಫ್ಲಾಪಿ ಒಂದ ಇಟ್ಟು ಹೋಗ್ರಿ. ನಾಳೆ ನಾನೂ ಒಮ್ಮೆ ಕೆಡವಿ ನೋಡ್ತೇನಿ."

ಹಯಾತ ಡಬ್ಬಿಯ ಮುಚ್ಚಳಕ್ಕೆ ಕೈಯಿಟ್ಟವರು ಅಲ್ಲೇ ತಡೆಯುತ್ತಾರೆ. "ಹೊಟ್ಟಿ ಖಾಲಿ ಐತೇನು?"

ಮಂಜವ್ವ ಬೆನ್ನ ಹಿಂದಿನ ಕೈ ಮುಂದೆ ತರುತ್ತಾರೆ. ಅದರಲ್ಲಿ ಒಂದು ಸ್ಟೀಲಿನ ಊಟದ ಡಬ್ಬಿ. ಮಧ್ಯಾಹ್ನ ತಾಯಿಯ ಜೊತೆ ಬಿಚ್ಚಿದ ಬುತ್ತಿಯದೇ, ತೊಳೆದು ಒರೆಸಿದ್ದು. ಒಳಗೆ ಫ್ಲಾಪಿಗಳು ಸಾಲಾಗಿ ಕೂತಿವೆ.

"ಎರಡ ಸಲ ಮಾಡೇನ್ರಿ."